ಒಂದು ಒತ್ತಿದರೆ ಹೂಂ

ರೇಡಿಯೋ ರಿಪೇರಿಯವನನ್ನು ಕಟ್ಟಿಕೊಂಡಿದ್ದರೂ ಅವಳು ಒಂದು ದಿನವೂ ಸ್ಕ್ರೂಡ್ರೈವರ್ ಹಿಡಿದವಳಲ್ಲ. ತನ್ನ ಸಾಮಾನು ಯಾರಾದರೂ ಮುಟ್ಟಿದರೆ ಗಂಡ ಉರಿದುಬೀಳುತ್ತಿದ್ದ. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲುವುದಷ್ಟೇ ಅವಳ ಪಾಲಿನ ಕೆಲಸ. ಈಗ ಅದೇ ಗಂಡ ಪಾರ್ಶ್ವವಾಯು ಹೊಡೆದು, ಮಾತು ಹೋಗಿ ಮಲಗಿದ್ದ. ಬಲಗೈಯ ತೋರುಬೆರಳೊಂದು ಆಡುತ್ತಿತ್ತು. ಅದರಡಿ ಮಗಳು ಕಂಪ್ಯೂಟರಿನ ಮೌಸ್ ಇಟ್ಟುಕೊಟ್ಟಿದ್ದಳು. ಒಂದು ಸಲ ಒತ್ತಿದರೆ ಪರದೆಯಲ್ಲಿ ‘ಹೂಂ’, ಎರಡು ಸಲ ಒತ್ತಿದರೆ ‘ಊಹೂಂ’.

ಕೆಲವು ದಿನಗಳಿಂದ ಬರೀ ಊಹೂಂ. ಗಂಜಿ ಬೇಕಾ ಎಂದರೂ ಊಹೂಂ, ಕಿಟಕಿ ತೆಗೆಯಲಾ ಎಂದರೂ ಊಹೂಂ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊಣಗುತ್ತಲೇ ಅವಳು ಬಲವಂತವಾಗಿ ಗಂಜಿ ಕುಡಿಸುತ್ತಿದ್ದಳು. ಇದ್ದ ಒಂದೇ ಸಮಾಧಾನವೆಂದರೆ, ನೋವಿದೆಯಾ ಎಂದು ಕೇಳಿದಾಗಲೂ ಊಹೂಂ ಬರುತ್ತಿತ್ತು. ನೋವಿದ್ದರೆ ಮಾತ್ರ ಕೊಡಿ ಎಂದು ಡಾಕ್ಟರು ಬರೆದ ಮಾತ್ರೆಗಳು ಹಾಗೇ ಇದ್ದವು. ಅವನ ಕಣ್ಣಲ್ಲಿ ನೀರು ಸುರಿದಾಗ, ಪರದೆಯ ಬೆಳಕು ಚುಚ್ಚಿರಬೇಕು ಎಂದುಕೊಂಡು ಸೆರಗಿನಿಂದ ಒರೆಸಿದ್ದಳು.

ಇವತ್ತು ಬಂದ ಮಗಳು ಸುಮ್ಮನೆ ಮೌಸ್ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿ ನೋಡಿದಳು. ಅವಳ ಮುಖ ಬಿಳುಚಿಕೊಂಡಿತು.

"ಅಮ್ಮಾ, ಗುಂಡಿ ಕೆಟ್ಟಿದೆ. ನಾನು ಒಂದೇ ಸಲ ಒತ್ತಿದ್ದು. ಇದು ಎರಡು ಅಂತಿದೆ."

ಹೊಸದು ತರುತ್ತೇನೆಂದು ಮಗಳು ಅಂಗಡಿಗೆ ಓಡಿದಳು. ತಾಯಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿತ್ತು? ಗಂಡನ ರಿಪೇರಿ ಸಾಮಾನಿನ ಡಬ್ಬಿ ತೆಗೆದು, ಅವನ ಕಣ್ಣೆದುರೇ ಮೌಸ್ ಬಿಚ್ಚಿದಳು. ಗುಂಡಿಯ ಕೆಳಗೊಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಉಗುರಿಗಿಂತ ಚಿಕ್ಕ ತಾಮ್ರದ ಪಟ್ಟಿ. ಸವೆದು ಸೋತಿತ್ತು. ಇಂಥವನ್ನು ಅವನು ಮೆಲ್ಲಗೆ ಬಾಗಿಸಿ ಬಿಗಿ ಮಾಡುವುದನ್ನು ಟಾರ್ಚ್ ಬೆಳಕಿನಲ್ಲಿ ಎಷ್ಟು ಸಲ ನೋಡಿರಲಿಲ್ಲ! ಪಟ್ಟಿ ಎರಡು ಸಲ ಹಾರಿ ನೆಲಕ್ಕೆ ಬಿತ್ತು. ಮೊಣಕಾಲೂರಿ ಹುಡುಕಿ ತಂದಳು. ಅವನು ನೋಡುತ್ತಲೇ ಇದ್ದ. ಒಮ್ಮೆ ಬೈದಿದ್ದರೆ ಅವಳ ಜೀವ ತಣ್ಣಗಾಗುತ್ತಿತ್ತು.

ಜೋಡಿಸಿ ತಾನೇ ಒತ್ತಿದಳು. ಹೂಂ ಬಂತು.

ಅವನ ಬೆರಳನ್ನು ಗುಂಡಿಯ ಮೇಲಿಟ್ಟಳು. ಈಗ ಪರದೆಯ ಕಡೆ ತಿರುಗಲಿಲ್ಲ, ಬೆರಳನ್ನೇ ನೋಡಿದಳು.

"ನೋವಿದೆಯಾ ರೀ?"

ಬೆರಳು ಒಂದು ಸಲ ಒತ್ತಿತು.

ಮಾತ್ರೆ ಅರೆದು ಕುಡಿಸಿದಳು. ಕೇಳಬಾರದು ಅಂದುಕೊಂಡಿದ್ದಳು, ಆದರೂ ಕೇಳಿಬಿಟ್ಟಳು.

"ಇಷ್ಟು ದಿನಾನೂ ಇತ್ತಾ?"

ಬೆರಳು ಒತ್ತಿತು. ಇನ್ನೊಂದು ಸಲ ಒತ್ತಲಿ ದೇವರೇ ಎಂದು ಅವಳು ಉಸಿರು ಬಿಗಿಹಿಡಿದು ಕಾದಳು. ಮಗಳು ಹೊಸ ಮೌಸ್ ಹಿಡಿದು ಬಾಗಿಲಿಗೆ ಬಂದಾಗಲೂ ಕಾಯುತ್ತಲೇ ಇದ್ದಳು.