ದ್ಯಾವಕ್ಕನ ಇನ್ನೂರು ವಾಕ್ಯ

ಆ ಕಾಗದ ಆರು ದಿನದಿಂದ ಮುನಿವೆಂಕಟಪ್ಪ ಮೇಷ್ಟ್ರ ನೋಟ್‌ಬುಕ್ಕಿನೊಳಗೇ ಇತ್ತು. ಅದನ್ನು ಅಲ್ಲಿಟ್ಟವರು ಅವರೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ.

ರಾಜಘಟ್ಟದ ಆಚೆಗಿನ ಆ ಊರಿನಲ್ಲಿ ಶಾಲೆ, ಅಂಚೆ ಎರಡೂ ಒಂದೇ ಕೋಣೆ, ಎರಡಕ್ಕೂ ಮೇಷ್ಟ್ರೇ ದಿಕ್ಕು. ಓದು ಬಾರದವರಿಗೆ ಬಂದ ಕಾಗದವನ್ನು ಒಡೆದು, ಅವರ ಮನೆಗೇ ಹೋಗಿ ಓದಿ ಹೇಳುವುದು ವಾಡಿಕೆ. ಮೇಷ್ಟ್ರು ಕೆಟ್ಟ ಮನುಷ್ಯರೇನಲ್ಲ. ತಮ್ಮ ಹೆಸರು ಒಂದು ಸಲ ಅಚ್ಚಿನಲ್ಲಿ ಬರಬೇಕೆಂಬ ಚಪಲ ಮಾತ್ರ ಇತ್ತು. ಆ ಚಪಲವೇ ಅವರನ್ನು ಹಾಳು ಮಾಡಿತು.

ಬೆಂಗಳೂರಿನ ಕಾಲೇಜಿನಲ್ಲಿದ್ದ ಅವರ ಹಳೆಯ ಗುರುಗಳು ಆಡುಮಾತಿನ ವ್ಯಾಕರಣ ಬರೆಯುತ್ತಿದ್ದರು. ಪದದ ರೂಪಕ್ಕೂ ವಾಕ್ಯದ ರಚನೆಗೂ ಏನು ನಂಟು ಎಂಬುದು ಅವರ ವಿಷಯ. ಹಳ್ಳಿಯ ಬಾಯಿಂದ ಇನ್ನೂರು ವಾಕ್ಯ ಬೇಕು, ಸಂಕ್ರಾಂತಿ ಕಳೆದ ಮೂರನೆಯ ದಿನ ಅಚ್ಚಿಗೆ ಹೋಗುತ್ತದೆ, ಯುದ್ಧದ ಕಾಲ, ಅಚ್ಚಿನ ಕಾಗದ ಸಿಕ್ಕಾಗಲೇ ಪುಸ್ತಕ ಆಗಿಬಿಡಬೇಕು ಎಂದು ಬರೆದಿದ್ದರು. ಮುನ್ನುಡಿಯಲ್ಲಿ ನಿನ್ನ ಹೆಸರಿರುತ್ತದೆ ಎಂದೂ ಬರೆದಿದ್ದರು.

ಊರಿನಲ್ಲಿ ಮಾತಿಗೆ ದ್ಯಾವಕ್ಕನೇ ಸರಿ. ಗಂಡ ಸತ್ತು ಹತ್ತು ವರ್ಷ, ಇದ್ದೊಬ್ಬ ಮಗ ಚಿಕ್ಕಬೀರ ಬರ್ಮಾ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅವಳ ಜಗುಲಿಗೆ ಹೋಗುತ್ತಿದ್ದರು. ಅವಳು ನೆನೆಸಿದ ಅವರೆಕಾಳು ಹಿದುಕುತ್ತಾ ಹೇಳುವಳು, ಇವರು ಬರೆದುಕೊಳ್ಳುವರು. ಯಾವ ಮಾತು ಕೇಳಿದರೂ ಅದರೊಳಗೆ ಮಗ ಬಂದೇ ಬರುತ್ತಿದ್ದ.

"ಚಿಕ್ಕಬೀರ ಕರೀನ ಒಡ್ದ. ಕರೀನ ಚಿಕ್ಕಬೀರ ಒಡ್ದ. ಒಡ್ದ ಚಿಕ್ಕಬೀರ ಕರೀನ. ಎಂಗಂದ್ರೂ ಒದೆ ತಿಂದೋನು ಕರಿಯನೇ ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಖುಷಿಯಲ್ಲಿ ತೊಡೆ ತಟ್ಟಿಕೊಂಡರು. ಇಂಗ್ಲಿಷಿನ ಪದಗಳು ರೇಷನ್ ಅಂಗಡಿ ಮುಂದಿನ ಜನರ ಹಾಗೆ, ಸಾಲು ತಪ್ಪಿದರೆ ಲೆಕ್ಕ ತಪ್ಪಿತು. ಕನ್ನಡದ ಪದ ತನ್ನ ಗುರುತನ್ನು ಬಾಲದಲ್ಲೇ ಕಟ್ಟಿಕೊಂಡು ಓಡಾಡುತ್ತದೆ, ಎಲ್ಲಿ ನಿಂತರೂ ಯಾರೆಂದು ತಿಳಿಯುತ್ತದೆ. ಕ್ರಿಯಾಪದವಂತೂ ಕರ್ತೃವನ್ನೇ ಒಳಗಿಟ್ಟುಕೊಂಡಿರುತ್ತದೆ. ದ್ಯಾವಕ್ಕ ಬರೀ "ಬರ್ತಾನೆ" ಅಂದರೆ ಸಾಕಿತ್ತು, ಯಾರು ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

"ಬರ್ತಾನೆ ಆಯ್ತು. ಅದನ್ನೇ ಬರಲ್ಲ ಅಂತ ಹೇಳು ದ್ಯಾವಕ್ಕ. ಚಿಕ್ಕಬೀರ ಬರಲ್ಲ."

ಅವಳ ಕೈ ನಿಂತಿತು. "ಬಿಡ್ತು ಅನ್ನಿ ಮೇಷ್ಟ್ರೇ! ಮುಸ್ಸಂಜೆ ಒತ್ನಾಗೆ ಏನ್ ಮಾತು?"

ಮೇಷ್ಟ್ರು ನಕ್ಕು, "ಬಿಡ್ತು, ಬಿಡ್ತು" ಎಂದು, ವಾಕ್ಯವನ್ನು ತಾವೇ ಬರೆದುಕೊಂಡರು.

ಕಾಗದ ಬಂದದ್ದು ಅದಾದ ಮೂರನೆಯ ದಿನ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ಇಂಗ್ಲಿಷಿನಲ್ಲಿತ್ತು, ನಾಲ್ಕೇ ಸಾಲು. ಅಸ್ಸಾಮಿನ ಮಿಲಿಟರಿ ಆಸ್ಪತ್ರೆಯಲ್ಲಿ ಜ್ವರ ಬಂದು ಚಿಕ್ಕಬೀರ ತೀರಿಕೊಂಡಿದ್ದ. ಮೇಷ್ಟ್ರ ಕಣ್ಣು ತುಂಬಿತು, ಅದು ಸುಳ್ಳಲ್ಲ. ಚಪ್ಪಲಿ ಮೆಟ್ಟಿ ಹೊರಟೂ ಹೊರಟರು. ಬಾಗಿಲ ಹತ್ತಿರ ನೆನಪಾಯಿತು: ಇನ್ನೂ ಮೂವತ್ತೆರಡು ವಾಕ್ಯ ಬಾಕಿ. ಈಗ ಹೇಳಿದರೆ ಅವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಹಬ್ಬದ ಮುಂದೆ ಇಂಥ ಸುದ್ದಿ ಯಾರಾದರೂ ಹೇಳುತ್ತಾರೆಯೇ, ಪಾಪ, ಹಬ್ಬ ಕಳೆಯಲಿ ಎಂದು ತಮಗೆ ತಾವೇ ಹೇಳಿಕೊಂಡು ಕಾಗದವನ್ನು ನೋಟ್‌ಬುಕ್ಕಿಗೆ ಸೇರಿಸಿದರು. ಎಂಥ ಕರುಣೆ! ಅದೇ ಸಂಜೆ ಅದೇ ನೋಟ್‌ಬುಕ್ ಹಿಡಿದು ಅವಳ ಜಗುಲಿಯಲ್ಲಿ ಕೂತರು.

ಹಬ್ಬದ ದಿನ ದ್ಯಾವಕ್ಕ ಸಾರಿಸಿ ರಂಗೋಲಿ ಇಟ್ಟಳು, ಎಳ್ಳು ಬೆಲ್ಲ ಹಂಚಿದಳು, ಬೇಡವೆಂದರೂ ಬಿಡದೆ ಮೇಷ್ಟ್ರನ್ನು ಊಟಕ್ಕೆ ಕೂರಿಸಿದಳು. ಮುದ್ದೆ, ಹಿದುಕಿದ ಬೇಳೆ ಸಾರು. ಸಾವಿನ ಮನೆಯಲ್ಲಿ ಹಬ್ಬದೂಟ ಮಾಡುತ್ತಿದ್ದೇನೆಂದು ಗೊತ್ತಿದ್ದವರು ಅವರೊಬ್ಬರೇ. ಅವಳು ಇನ್ನೊಂದು ಸೌಟು ಬಡಿಸಿದಳು. ಅವರು ಉಂಡರು.

ಮಾರನೆಯ ಸಂಜೆ ಕೊನೆಯ ವಾಕ್ಯ. 'ಬಂದಿದ್ದರೆ' ಎಂಬ ರೂಪ ಬೇಕಾಗಿತ್ತು. ಆ ಪದವೊಂದು ಬಂದರೆ ವಾಕ್ಯ ಅಲ್ಲಿಗೇ ನಿಲ್ಲದು, ಮುಂದೆ ಇನ್ನೊಂದು ಕ್ರಿಯೆಯನ್ನು ಕೇಳುತ್ತದೆ ಎಂದು ಗುರುಗಳು ಅಡಿಗೆರೆ ಎಳೆದು ಬರೆದಿದ್ದರು.

"ಚಿಕ್ಕಬೀರ ನೆನ್ನೆ ಬಂದಿದ್ರೆ," ಎಂದಳು ದ್ಯಾವಕ್ಕ ನಗುತ್ತಾ, "ನಿಮ್ಗೆ ಸಾರು ಉಳೀತಿರ್ಲಿಲ್ಲ."

ಮೇಷ್ಟ್ರು ಅದನ್ನೂ ಬರೆದುಕೊಂಡರು. ಇನ್ನೂರು ಎಂದು ಸಂಖ್ಯೆ ಹಾಕಿ, ಮರುದಿನ ಬೆಳಿಗ್ಗೆ ಹಾಳೆಗಳನ್ನು ಲಕೋಟೆಗೆ ಹಾಕಿ ಬೆಂಗಳೂರಿನ ಟಪಾಲಿಗೆ ಕೊಟ್ಟು, ಆಮೇಲೆ ಕಾಗದ ಹಿಡಿದು ಅವಳ ಮನೆಗೆ ಹೋದರು.

ಓದಿ ಹೇಳಿದರು. ಅವಳು ಕಂಬ ಹಿಡಿದುಕೊಂಡು ಕುಸಿದಳು. ನೆರೆಯ ಅಮ್ಮಯಮ್ಮ ಓಡಿ ಬಂದು ತಬ್ಬಿಕೊಂಡಳು. ಅಳು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ದ್ಯಾವಕ್ಕ ಮುಖ ಒರೆಸಿಕೊಂಡು ಕೇಳಿದಳು:

"ಈ ಕಾಗ್ದ ಯಾವತ್ತು ಬಂತು ಮೇಷ್ಟ್ರೇ?"

ಇವತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಾಗದದ ಮೇಲಿನ ಅಂಚೆ ಮುದ್ರೆಯ ತಾರೀಖನ್ನು ಓದಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅವಳ ಕಣ್ಣು ನೋಡಿ ಆಡಲಾಗಲಿಲ್ಲ.

"ಹಬ್ಬಕ್ಕೆ ನಾಲ್ಕು ದಿನ ಮೊದಲು, ದ್ಯಾವಕ್ಕ. ವಾಕ್ಯ ಮುಗೀಲಿ ಅಂತ ಇಟ್ಕೊಂಡೆ. ತಪ್ಪಾಯ್ತು."

ಅಮ್ಮಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದ್ಯಾವಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾನು ತಿಳೀದೆ ಅಬ್ಬ ಮಾಡ್ದೆ. ತಿಳೀದೋರ್ಗೆ ಸೂತ್ಕ ಇಲ್ಲ," ಎಂದಳು ಮೆಲ್ಲಗೆ. "ತಿಳ್ದು ಉಂಡೋರು ನೀವು."

ಅವಳು ಕೈ ಚಾಚಿ ಕಾಗದ ಇಸಿದುಕೊಂಡು, ಓದಲು ಬಾರದಿದ್ದರೂ ನಾಲ್ಕು ಸಾಲಿನ ಮೇಲೆ ಬೆರಳಾಡಿಸಿದಳು.

"ಇನ್ನೇನಾದ್ರೂ ಕೇಳೋದು ಉಳ್ದೈತಾ? ಉಳ್ದಿದ್ರೆ ಈಗ್ಲೇ ಕೇಳ್ಬಿಡಿ ಮೇಷ್ಟ್ರೇ. ನಾಳೆಯಿಂದ ಅವನ ಎಸರು ನಾನು ಎತ್ತಲ್ಲ."