ಕುಂಟಪ್ಪನ ಸಲುವಾಗಿ ಕಚ್ಚಾ ಹೊಲಿಗೆ

ಪಾತ್ರೆ ಉಜ್ಜುತ್ತಿದ್ದೆ. ಮೊಣಕೈವರೆಗೂ ಸೋಪಿನ ನೊರೆ. ಯಾರೋ ಬಾಗಿಲು ತಟ್ಟಿದರು. ಕುಂಟಪ್ಪ ಇದ್ದಿದ್ದರೆ ಬಂದವರು ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲೇ ಅವನು ಬೊಗಳುವ ಸದ್ದಿಗೆ ಮನೆಯೆಲ್ಲ ಎದ್ದು ಕೂರುತ್ತಿತ್ತು.

ಬಂದವನು ಕೆಳಗಿನ ಮನೆಯ ಗುಮಾಸ್ತ. ಕೈಯಲ್ಲಿ ಕಪ್ಪು ಪ್ಯಾಂಟು.

ನಾಳೆ ಅವನಿಗೆ ಆಫೀಸಿನಲ್ಲಿ ಬೀಳ್ಕೊಡುಗೆಯಂತೆ, ವೇದಿಕೆ ಮೇಲೆ ಕೂರಿಸುತ್ತಾರಂತೆ, ಸೊಂಟ ಒಂಚೂರು ಬಿಡಿಸಿಕೊಡಬೇಕಂತೆ. ಹೊಲಿಗೆ ಮಿಷನ್ನಿನ ಕೆಳಗೆ ಕಣ್ಣು ಹಾಯಿಸಿ, "ಈಗ ರಾತ್ರಿ ಒಳ್ಳೆ ನಿದ್ದೆ ಬರುತ್ತಮ್ಮ," ಎಂದ.

"ಬರಲಿ ಅಣ್ಣಾ. ಪ್ಯಾಂಟು ಸಂಜೆಗೆ ಕೊಡ್ತೀನಿ," ಎಂದೆ.

ಮಿಷನ್ನಿನ ಕೆಳಗಿನ ಆ ಜಾಗ ಕುಂಟಪ್ಪನದು. ಬಸ್ ಡಿಪೋದ ಹಿಂದೆ, ಕಾಲು ಜಜ್ಜಿಹೋಗಿ ಚರಂಡಿಯಲ್ಲಿ ಬಿದ್ದಿದ್ದವನನ್ನು ಹಳೇ ಲಂಗದಲ್ಲಿ ಸುತ್ತಿ ತಂದಿದ್ದೆ. ಮೂರೇ ಕಾಲಲ್ಲಿ ಮನೆಯ ಯಜಮಾನನಾದ. ನಾನು ಹೊಲಿಯಲು ಕೂತರೆ ಪೆಡಲ್ ಪಕ್ಕ ಬಾಲ ಚಾಚಿ ಮಲಗುತ್ತಿದ್ದ. ಬಾಲ ತುಳಿಯದಂತೆ ಎಡಗಾಲು ಓರೆಯಾಗಿಟ್ಟು ತುಳಿಯುವುದು ನನಗೆ ರೂಢಿಯಾಯಿತು. ಈಗಲೂ ಕಾಲು ತಾನಾಗಿ ಓರೆಯಾಗುತ್ತದೆ.

ಅವನತ್ತ ಕಣ್ಣೆತ್ತಿಯೂ ನೋಡದಿದ್ದ ಗುಮಾಸ್ತ ಒಂದು ದಿನ ಮೆಟ್ಟಿಲ ಬಳಿ ನನ್ನ ಮಗಳು ಪುಟ್ಟಿಯನ್ನು ನಿಲ್ಲಿಸಿ, ನಿಮ್ಮ ನಾಯಿಗೆ ಕೊಡು ಮಗಳೇ ಎಂದು ಬನ್ನು ಕೊಟ್ಟ. ಮಗು ಕುಣಿಯುತ್ತ ಬಂದು ಚೂರು ಚೂರು ಮಾಡಿ ತಿನ್ನಿಸಿತು. ಸಂಜೆಗೆ ಕುಂಟಪ್ಪನ ಬಾಯಲ್ಲಿ ನೊರೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ವಿಷ ಎಂದರು. ಗುಮಾಸ್ತನನ್ನು ಕೇಳಿದರೆ, ಬನ್ನೇ, ಯಾವ ಬನ್ನು, ಎಂದ. ಪುಟ್ಟಿಗೆ ಮಾತ್ರ, ವಯಸ್ಸಾಗಿತ್ತು ಕಂದಾ, ಮಲಗಿಬಿಟ್ಟ, ಎಂದು ಹೇಳಿದ್ದೆ.

ಅಂದಿನಿಂದ ಅವಳ ಮಾತೇ ಕಡಿಮೆಯಾಯಿತು. ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಮುಚ್ಚಿಕೊಳ್ಳುತ್ತಾಳೆ. ಅವಳ ಹೊಸ ಫ್ರಾಕು ಕಚ್ಚಾ ಹೊಲಿಗೆಯಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಮುಗಿಸಲು ನನಗೂ ಕೈ ಬಂದಿರಲಿಲ್ಲ.

ಪಾತ್ರೆ ಹಾಗೇ ಬಿಟ್ಟು ಅವನ ಪ್ಯಾಂಟು ಹರವಿಕೊಂಡೆ. ಸೊಂಟ ಬಿಡಿಸಿದೆ. ಆಮೇಲೆ ಹಿಂಬದಿಯ ಹೊಲಿಗೆಯನ್ನು ಮೇಲಿನಿಂದ ಕೆಳತನಕ ಬಿಚ್ಚಿ ಹಾಕಿದೆ. ಕಚ್ಚಾ ಹೊಲಿಗೆ ಅಂದರೆ ಮಿಷನ್ ಹೊಲಿಗೆ ಬೀಳುವ ತನಕ ಬಟ್ಟೆ ಜಾರದಿರಲೆಂದು ಹಾಕುವ ಉದ್ದುದ್ದ ಕೈಹೊಲಿಗೆ; ಎಳೆದರೆ ಬಂತು. ಅದನ್ನೇ ಕಪ್ಪು ನೂಲಿನಲ್ಲಿ, ಒಂದೇ ಎಳೆಯಲ್ಲಿ, ನಾಜೂಕಾಗಿ ಹಾಕತೊಡಗಿದೆ. ಹಾರ ಹಾಕಿಸಿಕೊಳ್ಳಲು ಬಗ್ಗಬೇಕು. ಬಗ್ಗಲಿ. ಅಷ್ಟು ಜನರ ಮುಂದೆ ಪರ್ರೆಂದು ಬಿಟ್ಟುಕೊಂಡಾಗ ಯಾವ ಪ್ಯಾಂಟು ಅನ್ನಲಿ, ನೋಡೋಣ. ಎಷ್ಟೋ ದಿನದ ಮೇಲೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಈ ಕಥೆ ಕೇಳಿದರೆ ಪುಟ್ಟಿಯೂ ನಕ್ಕಾಳು ಎಂದುಕೊಂಡೆ.

ಅವಳು ಬಂದು ಪಕ್ಕದಲ್ಲಿ ನಿಂತಿದ್ದು ತಿಳಿಯಲಿಲ್ಲ. ನನಗೆ ಸೂಜಿ ಪೋಣಿಸಿಕೊಡುತ್ತಲೇ ಬೆಳೆದವಳು. ಯಾವ ಹೊಲಿಗೆ ಎಂಬುದು ಒಂದು ನೋಟಕ್ಕೇ ಗೊತ್ತಾಗುತ್ತದೆ.

"ಮಿಷನ್ ಹೊಲಿಗೆ ಹಾಕಲ್ವಾ ಅಮ್ಮಾ?"

"ಇವನಿಗೆ ಇಷ್ಟೇ ಸಾಕು. ಎಲ್ಲರ ಮುಂದೆ ಬಿಚ್ಕೊಂಡು ಹೋಗಲಿ. ಕುಂಟಪ್ಪನಿಗೆ ವಿಷ ಹಾಕಿದ್ದಕ್ಕೆ ಇದೂ ಕಮ್ಮಿನೇ."

ಸಿಟ್ಟಿನ ಭರದಲ್ಲಿ ಆ ಮಾತು ಬಾಯಿಂದ ಬಿದ್ದೇಹೋಯಿತು. ನಾಲಿಗೆ ಕಚ್ಚಿಕೊಂಡು ಅವಳ ಮುಖ ನೋಡಿದೆ. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಮೆಲ್ಲಗೆ ಗೂಟದ ಹತ್ತಿರ ಹೋಗಿ ತನ್ನ ಫ್ರಾಕಿನ ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ನೂಲು ಸಲೀಸಾಗಿ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ನನ್ನತ್ತ ತಿರುಗಿದಳು.

"ಬನ್ನು ತಿನ್ನಿಸಿದ್ದು ನಾನಲ್ವಾ ಅಮ್ಮಾ, ಅದಕ್ಕೇ ನನಗೂ ಹೀಗೇ ಹೊಲಿದಿದ್ದೀಯಾ?"