ನೊರೆಯ ತಲೆನೋವು

ವೈರಸ್ಸು ತನಗೆ ಬೇಕಾದ ಪ್ರೋಟೀನುಗಳನ್ನೆಲ್ಲ ಒಂದೇ ಉದ್ದನೆಯ ದಾರವಾಗಿ ಮಾಡಿಸಿಕೊಂಡು, ಆಮೇಲೆ ತುಂಡರಿಸಿಕೊಳ್ಳುತ್ತದೆ. ತುಂಡರಿಸುವ ಕತ್ತರಿ ಒಂದು ಕಿಣ್ವ. ಆ ಕತ್ತರಿಯ ಬಾಯಿ ಕಟ್ಟಿದರೆ ವೈರಸ್ಸಿನ ಕಥೆ ಮುಗಿಯಿತು. ಬಾಯಿ ಕಟ್ಟುವ ಔಷಧಿ ಹುಡುಕುವುದೇ ನಮ್ಮ ಪ್ರಯೋಗಾಲಯದ ಕೆಲಸ. ನಾವೆಲ್ಲ ದೊಡ್ಡಣ್ಣ ಎನ್ನುವ ಹಿರಿಯ ರಸಾಯನ ತಜ್ಞರು ಹೊಸ ಹೊಸ ಸಂಯುಕ್ತ ತಯಾರಿಸುತ್ತಾರೆ, ನಾನು ಅದನ್ನು ಕಿಣ್ವಕ್ಕೆ ಬೆರೆಸಿ ಪರೀಕ್ಷಿಸುತ್ತೇನೆ. ಕತ್ತರಿ ಆಡುತ್ತಿದ್ದರೆ ತಟ್ಟೆಯ ಪುಟ್ಟ ಗುಳಿಗಳಲ್ಲಿ ಬೆಳಕು, ನಿಂತರೆ ಕತ್ತಲೆ.

ನಲವತ್ತೊಂದನೆಯ ಸಂಯುಕ್ತದ ಗುಳಿಗಳು ಕತ್ತಲಾದವು. ದೊಡ್ಡಣ್ಣ ಎಂಟು ತಿಂಗಳು ಅದರ ಬೆನ್ನು ಬಿದ್ದರು. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಅದನ್ನು ಪ್ರಾಣಿಗಳ ಮೇಲಿನ ಪರೀಕ್ಷೆಗೆ ದಾಟಿಸಬೇಕೆಂಬುದೊಂದೇ ಹಟ.

ಈಗ ನನ್ನ ಘನಕಾರ್ಯ ಕೇಳಿ. ಪರೀಕ್ಷೆಯ ದ್ರಾವಣಕ್ಕೆ ಒಂದು ಹನಿ ಸಾಬೂನಿನಂಥ ದ್ರವ ಹಾಕಬೇಕು. ಹಾಕಿದರೆ ನೊರೆ. ನೊರೆ ಬಂದರೆ ಯಂತ್ರ ಬೆಳಕನ್ನು ತಪ್ಪಾಗಿ ಓದುತ್ತದೆ, ಇಡೀ ತಟ್ಟೆ ಮತ್ತೆ ಮಾಡಬೇಕು. ಯಾರಿಗೆ ಬೇಕು ಈ ತಲೆನೋವು ಎಂದು ನಾನು ಅದನ್ನು ಬಿಟ್ಟೇಬಿಟ್ಟಿದ್ದೆ.

ಮೊನ್ನೆ ಹೊಸದಾಗಿ ತರಿಸಿದ ದ್ರಾವಣದಲ್ಲಿ ಆ ದ್ರವ ಮೊದಲೇ ಬೆರೆತಿತ್ತು. ಅದರಲ್ಲಿ ನಲವತ್ತೊಂದನ್ನು ಹಾಕಿದೆ. ಗುಳಿಗಳೆಲ್ಲ ಝಗ್ಗನೆ ಬೆಳಗಿದವು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಹಣೆಬರಹ. ಅದು ಕತ್ತರಿಯ ಬಾಯನ್ನು ಕಟ್ಟಿಯೇ ಇರಲಿಲ್ಲ. ಹಿಟ್ಟು ಗಂಟು ಕಟ್ಟಿದಂತೆ ನೀರಿನಲ್ಲಿ ಗಂಟಾಗಿ, ಕಿಣ್ವವನ್ನು ಮೈಗೆ ಅಂಟಿಸಿಕೊಂಡಿತ್ತು, ಅಷ್ಟೇ. ಸಾಬೂನು ಬಿದ್ದೊಡನೆ ಗಂಟು ಒಡೆಯಿತು.

ದೊಡ್ಡಣ್ಣನ ಕೋಣೆಗೆ ಹೋಗಿ ಅಂಕಿಗಳ ಕಾಗದ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಗಂಟು ಕಟ್ತಿತ್ತಾ?"

"ಹೌದಣ್ಣ."

"ನಾನೇ ಎಡವಿದೆ ಅನ್ಸುತ್ತೆ. ವಯಸ್ಸಾಯ್ತು ನೋಡು."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವ್. ಆದರೆ ಅವರ ಮುಖ ನೋಡಿ ಬಾಯಿ ಬಿಟ್ಟೆ.

"ನೀವಲ್ಲ. ಸಾಬೂನು ಹಾಕದೆ ಬಿಟ್ಟಿದ್ದು ನಾನು. ನೊರೆ ಬರುತ್ತೆ ಅಂತ."

"ಯಾವಾಗಿಂದ?"

"ಮೊದಲ ದಿನದಿಂದ."

"ಹಾಕಿದ್ರೆ?"

"ಅವತ್ತೇ ಗೊತ್ತಾಗ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ವರದಿಯ ಹಾಳೆ ಎಳೆದುಕೊಂಡು, "ಯಾರು ಬಿಟ್ಟಿದ್ದು ಅಂತ ಬರೀಬೇಕಾಗುತ್ತಲ್ಲಮ್ಮ," ಎಂದರು.

"ನನ್ನ ಹೆಸರೇ ಬರೀರಿ," ಎಂದೆ. ಹೋಗಲಿ ಬಿಡು ಎನ್ನುತ್ತಾರೆಂದು ಕಾದು ನಿಂತೆ.

ಅವರು ಬರೆದರು. ನಿಧಾನವಾಗಿ, ಪೂರ್ತಿ ಹೆಸರು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟು, ನಾನು ಸಹಿ ಹಾಕುವುದನ್ನು ನೋಡಲಾರದೆ ಮುಖ ತಿರುಗಿಸಿಕೊಂಡರು.